ಬಿನ್ ಒಮ್ರಾನಿನ ರೂಮಿನಲ್ಲಿ ಪೆಲ್‌ಬರಿ ಸ್ಟೇಷನ್

ನನಗೆ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ತಾಯಿಯ ತಮ್ಮ ಸಂಜೀವ ಮಾವ. ಕಿನ್ನಿಗೋಳಿಯಲ್ಲಿ ಅವರದು ಜಿನಸಿನ ಅಂಗಡಿ. ನಾನು ಪಿಯುಸಿ ಪಾಸಾದ ದಿನ ಗಿರಾಕಿಗಳ ಎದುರೇ ಬೆಲ್ಲ ತೂಗುತ್ತಾ, "ಇಷ್ಟೇ ಮಾರಾಯ. ನಮ್ಮ ಕುಟುಂಬದ ತಲೆಯಲ್ಲಿ ಇದಕ್ಕಿಂತ ಹೆಚ್ಚು ಅಕ್ಷರ ನಿಲ್ಲುದಿಲ್ಲ. ಬಿ.ಎ. ಗಿ.ಎ. ಅಂತ ಸುಮ್ಮನೆ ಆಸೆ ಇಟ್ಟುಕೊಳ್ಬೇಡ" ಎಂದರು. ಎರಡನೆಯ ಸಲ ಹೇಳಿದವರು ದೋಹಾದ ನಮ್ಮ ಆಫೀಸಿನ ಪರ್ಸನೆಲ್ ವಿಭಾಗದ ಜೋಸ್. ಆಗ ನನಗೆ ಐವತ್ತು. "ಈ ವಯಸ್ಸಲ್ಲಿ ಬಿ.ಎ.? ಚಾನ್ಸೇ ಇಲ್ಲ ಜಯರಾಮ್ ಭಾಯ್" ಎಂದು ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ. ಇಬ್ಬರ ಹೆಸರನ್ನೂ ಬೇಕೆಂದೇ ಹಾಕಿದ್ದೇನೆ. ಇಬ್ಬರೂ ಇನ್ನೂ ಗಟ್ಟಿಯಾಗಿದ್ದಾರೆ, ಕನ್ನಡಕ ಹಾಕಿಕೊಂಡು ಓದಲಿ. ಜೋಸ್‌ಗೆ ಕನ್ನಡ ಬರುವುದಿಲ್ಲ, ಅವನಿಗೆ ಯಾರಾದರೂ ಓದಿ ಹೇಳಿ.

ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಮೂವತ್ತೊಂದು ವರ್ಷ ದೋಹಾದಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಈಗ ನಮ್ಮ ಕಡೆಯ ಹುಡುಗರು ಹುಡುಗಿಯರು ಈ ಕೆಲಸಕ್ಕೆ ಹೊರಡುವ ಮೊದಲು ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ, ಸಂಬಳ ಎಷ್ಟು? ಎರಡನೆಯದು, ಕೆಲಸ ಎಂತ? ಮೊದಲನೆಯದಕ್ಕೆ ಕಂಪನಿಯವರು ಸುಳ್ಳು ಹೇಳುತ್ತಾರೆ, ಎರಡನೆಯದಕ್ಕೆ ಸತ್ಯ ಹೇಳಲು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಎರಡನೆಯದನ್ನು ನಾನೇ ಹೇಳುತ್ತೇನೆ.

ಒಂದು ಕಟ್ಟಡ ಏಳಬೇಕಾದರೆ ಸಿಮೆಂಟಿಗಿಂತ ಹೆಚ್ಚು ಕಾಗದ ಬೇಕು. ನಕ್ಷೆ, ಪತ್ರ, ಲೆಕ್ಕಾಚಾರ, ಪರೀಕ್ಷೆಯ ವರದಿ. ಇದೆಲ್ಲ ನಮ್ಮ ಮೇಜಿಗೆ ಬರುತ್ತದೆ. ಬಂದದ್ದಕ್ಕೆ ನಂಬರ್ ಹಾಕಬೇಕು, ತಾರೀಖು ಹಾಕಬೇಕು, ಲಾಗ್ ಎಂಬ ಉದ್ದ ಪಟ್ಟಿಯಲ್ಲಿ ಬರೆಯಬೇಕು, ಯಾರಿಗೆ ಹೋಗಬೇಕೋ ಅವರಿಗೆ ಕಳಿಸಬೇಕು. ಕಳಿಸುವಾಗ ಮೇಲೊಂದು ಹಾಳೆ ಇರುತ್ತದೆ, ಅದಕ್ಕೆ ಟ್ರಾನ್ಸ್‌ಮಿಟಲ್ ಎನ್ನುತ್ತಾರೆ. ಅದರಲ್ಲಿ ಎರಡು ಚೌಕ: 'ಅನುಮೋದನೆಗಾಗಿ', 'ಮಾಹಿತಿಗಾಗಿ'. ಯಾವುದಕ್ಕೆ ಗುರುತು ಹಾಕಬೇಕು ಎಂದು ತಿಳಿದವನು ಈ ಕೆಲಸದಲ್ಲಿ ಬದುಕುತ್ತಾನೆ. ಕಳಿಸಿದ್ದು ಕೋಡ್ ಹೊತ್ತು ವಾಪಸ್ ಬರುತ್ತದೆ. ಎ ಅಂದರೆ ಒಪ್ಪಿಗೆ. ಬಿ ಅಂದರೆ ಒಪ್ಪಿಗೆ, ಆದರೆ ಈ ತಪ್ಪುಗಳನ್ನು ತಿದ್ದು. ಸಿ ಅಂದರೆ ಪೂರ್ತಿ ತಿದ್ದಿ ಮತ್ತೆ ತಾ. ಡಿ ಅಂದರೆ ಮನೆಗೆ ಹೋಗು. ಇಷ್ಟೇ ಕೆಲಸ. ಇದರಲ್ಲಿ ತಲೆ ಎಲ್ಲಿ ಬೇಕು ಎಂದು ಕೇಳುವವರು ಅಲ್ ಗರಾಫಾದ ಮೆಟ್ಟಿಲಿನ ಕತೆ ಕೇಳಬೇಕು.

ಅದು ನನ್ನ ಮೂರನೆಯ ವರ್ಷ. ಅಲ್ ಗರಾಫಾದಲ್ಲಿ ನಮ್ಮವರು ಒಂದು ದೊಡ್ಡ ವಿಲ್ಲಾ ಕಟ್ಟುತ್ತಿದ್ದರು. ಮೆಟ್ಟಿಲಿನ ನಕ್ಷೆ ಬದಲಾಗಿತ್ತು. ಹೊಸದನ್ನು ನಾನು ಸೈಟಿಗೆ ಕಳಿಸಿದೆ, ಹಳೆಯದನ್ನು ವಾಪಸ್ ತರಿಸಲಿಲ್ಲ. ಹೊಸದು ಕೈಗೆ ಬಂದ ಮೇಲೆ ಹಳೆಯದನ್ನು ಯಾರು ನೋಡುತ್ತಾರೆ ಎಂದುಕೊಂಡೆ. ಫೋರ್‌ಮನ್ ಗುರ್ಮಿತ್ ನೋಡಿದ. ಜುಲೈ ತಿಂಗಳ ಬಿಸಿಲಿಗೆ ಅವನು ಹಳೆಯ ನಕ್ಷೆಯನ್ನು ಪಿಕಪ್‌ನ ಗಾಜಿಗೆ ಅಡ್ಡ ಇಡುತ್ತಿದ್ದ. ಹೊಸದು ಆಫೀಸಿನ ಕಪಾಟಿನಲ್ಲಿ, ಹಳೆಯದು ಕಣ್ಣೆದುರು. ಮೆಟ್ಟಿಲು ಕಟ್ಟುವ ದಿನ ಅವನು ಕಣ್ಣೆದುರು ಇದ್ದದ್ದನ್ನೇ ಎತ್ತಿಕೊಂಡು ಹೋದ.

ಮನೆಯ ಯಜಮಾನರು ಒಳ್ಳೆಯವರು, ಮೆಲುದನಿಯ ಮನುಷ್ಯ. ನೋಡಲು ಬಂದರು. ಹದಿನೆಂಟು ಮೆಟ್ಟಿಲು ಹತ್ತಿದರು. ಮೇಲೆ ಗೋಡೆ. ಬಾಗಿಲಿಲ್ಲ, ಕಿಟಕಿಯೂ ಇಲ್ಲ. ಗೋಡೆಯನ್ನು ಕೈಯಿಂದ ಒಮ್ಮೆ ಮುಟ್ಟಿ ನೋಡಿದರು. ತಿರುಗಿ ನಮ್ಮನ್ನು ನೋಡಿ, "ಖಲಾಸ್?" ಎಂದರು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಅದಾದ ಮೇಲೆ ನಾನು ಒಂದು ದೊಡ್ಡ ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ: SUPERSEDED. ಅಂದರೆ ಇದಕ್ಕಿಂತ ಹೊಸದು ಬಂದಿದೆ, ಇದನ್ನು ಬಳಸಬೇಡ. ಕೆಂಪು ಶಾಯಿ. ಹೊಸದು ಬಂದ ಕ್ಷಣ ಹಳೆಯದರ ಹಣೆಗೆ ಹೊಡೆಯುವುದು. ಕೈಗೆ ಅದು ಎಷ್ಟು ಅಭ್ಯಾಸವಾಯಿತೆಂದರೆ, ಆಫೀಸಿನಲ್ಲಿ ಚಹಾ ಮಾಡುತ್ತಿದ್ದ, ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ರೂಮಿನಲ್ಲೇ ಇದ್ದ ಬಶೀರ್, ಕಾಸರಗೋಡಿನವನು, "ಜಯರಾಮಣ್ಣ, ನಿಮ್ಮ ಎದುರು ಹೊಸ ಶರ್ಟ್ ಹಾಕಿಕೊಳ್ಳಲಿಕ್ಕೆ ಹೆದರಿಕೆ ಆಗ್ತದೆ, ಹಳೇದಕ್ಕೆ ಸ್ಟ್ಯಾಂಪ್ ಹೊಡೀತೀರಿ" ಎನ್ನುತ್ತಿದ್ದ.

ಮೇಲಧಿಕಾರಿಗಳ ಬಗ್ಗೆ ಹೇಳುವುದಾದರೆ, ಒಳ್ಳೆಯವರಿಂದ ಕತೆಗೆ ಉಪಯೋಗವಿಲ್ಲ. ಒಬ್ಬರಿದ್ದರು, ಹೆಸರು ಬೇಡ. ಎರಡನೆಯ ಚಹಾಕ್ಕಿಂತ ಮೊದಲು ಸಹಿ ಹಾಕುತ್ತಿರಲಿಲ್ಲ, ಎರಡನೆಯ ಚಹಾದ ನಂತರ ಮೀಟಿಂಗ್ ಇರುತ್ತಿತ್ತು. ಅವರು ಕೆಲಸ ಬಿಟ್ಟು ಹೋದ ದಿನ ಡ್ರಾಯರ್ ತೆಗೆದೆವು. ಸಹಿಯಾಗದ ನಲವತ್ತು ಪತ್ರಗಳು, ನಡುವೆ ಒಂದು ಒಡೆದ ಖರ್ಜೂರದ ಡಬ್ಬಿ. ಪತ್ರಗಳೆಲ್ಲ ಅಂಟಿಕೊಂಡು ಒಂದೇ ಪತ್ರವಾಗಿದ್ದವು. ಅದನ್ನು ಬಿಡಿಸಲು ಬಶೀರ್ ಕೆಟಲಿನ ಹಬೆ ಹಿಡಿದ. ಈ ವಿದ್ಯೆ ಯಾವ ಟ್ರೈನಿಂಗಿನಲ್ಲೂ ಕಲಿಸುವುದಿಲ್ಲ.

ವಿಧಾನಗಳೂ ಬದಲಾದವು. ನಾನು ಸೇರಿದಾಗ ನಕ್ಷೆಯ ಪ್ರತಿ ತೆಗೆಯುವ ಮಷಿನ್ನಿನಿಂದ ಅಮೋನಿಯಾ ವಾಸನೆ ಬರುತ್ತಿತ್ತು. ನೆಗಡಿ ಇದ್ದವರು ಅಲ್ಲಿಗೆ ಬಂದು ನಿಂತು ಮೂಗು ಬಿಡಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಸಿ.ಡಿ. ಬಂತು, ಆಮೇಲೆ ಸರ್ವರ್, ಆಮೇಲೆ ಎಲ್ಲವೂ ಆಕಾಶದಲ್ಲಿ ಎಲ್ಲೋ ಇದೆ ಎಂದರು. ಮೊದಲು ಕಾಗದ ಸಿಗದಿದ್ದರೆ ಧೂಳು ಕೊಡವಿ ಹುಡುಕುತ್ತಿದ್ದೆವು. ಈಗ ಪಾಸ್‌ವರ್ಡ್ ಹುಡುಕುತ್ತಾರೆ. ಧೂಳು ವಾಸಿ.

ಇನ್ನು ಡಿಗ್ರಿಯ ವಿಷಯ. ನನಗೆ ಐವತ್ತಾದ ವರ್ಷ ನಮ್ಮ ದೊಡ್ಡ ಕ್ಲೈಂಟ್ ಒಂದು ನಿಯಮ ತಂದರು. ನಾಲ್ಕು ವರ್ಷದ ನಂತರ ಒಪ್ಪಂದ ಹೊಸದಾಗುವಾಗ ಡಾಕ್ಯುಮೆಂಟ್ ಕಂಟ್ರೋಲರ್ ಪಟ್ಟಿಯಲ್ಲಿ ಪದವೀಧರರು ಮಾತ್ರ ಇರಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಹುದ್ದೆ ಇಲ್ಲ, ಹುದ್ದೆ ಇಲ್ಲದವನಿಗೆ ವೀಸಾ ಇಲ್ಲ. ನನ್ನ ಮಗಳು ಆಗ ಒಂಬತ್ತನೆಯ ಕ್ಲಾಸು. ಐವತ್ತನಾಲ್ಕಕ್ಕೆ ಊರಿಗೆ ಹೋಗಿ ಸಂಜೀವ ಮಾವನ ಅಂಗಡಿಯಲ್ಲಿ ಬೆಲ್ಲ ತೂಗುವ ಚಿತ್ರ ಕಣ್ಣೆದುರು ಬಂತು. ಜೋಸ್ 'ಚಾನ್ಸೇ ಇಲ್ಲ' ಎಂದದ್ದು ಆ ದಿನವೇ. ಆ ವಾರವೇ ದೂರಶಿಕ್ಷಣಕ್ಕೆ ಅರ್ಜಿ ಹಾಕಿದೆ. ಬಿ.ಎ., ಕನ್ನಡ ಮಾಧ್ಯಮ, ಇತಿಹಾಸ ಮುಖ್ಯ ವಿಷಯ.

ಓದಿದ್ದು ಹೇಗೆ ಎಂದು ಉದ್ದ ಬರೆಯುವುದಿಲ್ಲ. ಡ್ಯೂಟಿಯ ಬಸ್ಸಿನಲ್ಲಿ ಓದಿದೆ, ಬಟ್ಟೆ ಒಗೆಯುವಾಗ ಓದಿದೆ. ವರ್ಷದ ರಜೆಯನ್ನೆಲ್ಲ ಪರೀಕ್ಷೆಗೆ ಸುರಿದೆ. ಪರೀಕ್ಷಾ ಹಾಲಿನಲ್ಲಿ ಮೇಲ್ವಿಚಾರಕಿ ನನ್ನನ್ನು ನೋಡಿ, "ಸರ್, ಪೇರೆಂಟ್ಸ್ ಹೊರಗೆ ಕೂತ್ಕೊಳ್ಬೇಕು" ಎಂದರು. ಹಾಲ್ ಟಿಕೆಟ್ ತೋರಿಸಿದೆ. ಎಲ್ಲ ಪೇಪರೂ ಮುಗಿದು ಕೊನೆಗೆ ಒಂದೇ ಉಳಿಯಿತು: ಪ್ರಾಜೆಕ್ಟ್. 'ಒಂದು ಸ್ಥಳದ ಚರಿತ್ರೆ, ಮೂಲ ದಾಖಲೆಗಳ ಆಧಾರದಲ್ಲಿ.' ಅರವತ್ತು ಪುಟ, ಮೂರು ತಿಂಗಳು. ಊರಿನಲ್ಲಿ ಕುಳಿತು ದಾಖಲೆ ಹುಡುಕಲು ನನಗೆ ಒಂದು ದಿನದ ರಜೆಯೂ ಉಳಿದಿರಲಿಲ್ಲ.

ಹೀಗೆ ತಲೆ ಕೆಡಿಸಿಕೊಂಡಿದ್ದಾಗಲೇ ಮಿಸ್ಟರ್ ಕಾಲಿನ್‌ನ ಟ್ರಂಕು ಬಂತು.

ಕಾಲಿನ್ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್, ಇಂಗ್ಲೆಂಡಿನವರು. ರಜೆ ಕೊಡುವ ಸಹಿ ಅವರದೇ. ಉದ್ದ ಮನುಷ್ಯ, ಮಾತು ಕಡಿಮೆ. ಯಾವ ಅನಾಹುತಕ್ಕೂ "ಇದು ಅಷ್ಟು ಚೆನ್ನಾಗಿಲ್ಲ" ಎನ್ನುವುದಕ್ಕಿಂತ ಹೆಚ್ಚು ಹೇಳುವವರಲ್ಲ. ಅವರ ಅಜ್ಜ ಪೆಲ್‌ಬರಿ ಎಂಬ ಹಳ್ಳಿಯ ರೈಲ್ವೆ ಸ್ಟೇಷನ್ನಿನ ಕೊನೆಯ ಸ್ಟೇಷನ್ ಮಾಸ್ಟರ್. ಸ್ಟೇಷನ್ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಜ್ಜ ಮನೆಗೆ ತಂದಿಟ್ಟಿದ್ದ ಕಾಗದಗಳ ಟ್ರಂಕು ತಾಯಿಯ ಮನೆ ಮಾರುವಾಗ ಕಾಲಿನ್‌ನ ಪಾಲಿಗೆ ಬಂದು, ಸಾಮಾನಿನ ಜೊತೆ ಹಡಗು ಹತ್ತಿ ದೋಹಾಕ್ಕೆ ಬಂದಿತ್ತು.

"ಜೈ, ಇದನ್ನು ಸ್ವಲ್ಪ ಸರಿಯಾಗಿ ಜೋಡಿಸಿ ಕೊಡ್ತೀಯಾ? ಆಫೀಸಿನ ಕೆಲಸ ಅಲ್ಲ, ನನ್ನ ಸ್ವಂತದ್ದು. ಪುರುಸೊತ್ತಾದಾಗ ಸಾಕು" ಎಂದರು.

ಪುರುಸೊತ್ತು ಮಾಡಿಕೊಂಡೆ. ಗುರುವಾರ ಸಂಜೆ ಆಫೀಸಿನಲ್ಲಿ ಉಳಿದು ಟ್ರಂಕು ತೆರೆದೆ. ಮೇಲೆಯೇ ರೈಲಿನ ವೇಳಾಪಟ್ಟಿಗಳು, ವರ್ಷಕ್ಕೊಂದರಂತೆ. ತಾರೀಖಿನ ಪ್ರಕಾರ ಜೋಡಿಸಿದೆ. ಜೋಡಿಸಿದ ಮೇಲೆ ಕೈ ಸುಮ್ಮನಿರುವುದಿಲ್ಲವಲ್ಲ. ಒಂದು ವರ್ಷದ್ದು ಬಂದ ಮೇಲೆ ಹಿಂದಿನ ವರ್ಷದ್ದು ಹಳೆಯದಾಯಿತು. ಟಪ್. ಅದರ ಮುಂದಿನದು ಬಂತು. ಟಪ್. ಅಜ್ಜನ ಕೈಬರಹದ ಕೆಲಸದ ಪಟ್ಟಿಗಳು, ಪ್ರತಿ ಬೇಸಿಗೆಗೂ ಹೊಸದು. ಟಪ್, ಟಪ್. ಮೂವತ್ತೆರಡು ಕಾಗದದ ಹಣೆಗೆ ಕೆಂಪು SUPERSEDED ಹೊಡೆದ ಮೇಲೆ, ಮೂವತ್ತಮೂರನೆಯದನ್ನು ಎತ್ತಿಕೊಂಡಾಗ, ಅದರಲ್ಲಿ ಒಣಗಿದ ಹೂವೊಂದು ಅಂಟಿಕೊಂಡಿರುವುದು ಕಂಡಿತು. ನನಗೆ ಆಗ ಎಚ್ಚರವಾಯಿತು. ಇದು ಯಾವ ಕಟ್ಟಡದ ನಕ್ಷೆಯೂ ಅಲ್ಲ, ಇನ್ನೊಬ್ಬರ ಅಜ್ಜನ ಜೀವನ.

ಶನಿವಾರ ಕಾಲಿನ್‌ಗೆ ನಾನೇ ತೋರಿಸಿದೆ. ಅಡಗಿಸಿಡುವ ಹಾಗಿರಲಿಲ್ಲ, ಶಾಯಿ ಅಷ್ಟು ಒಳ್ಳೆಯದು. ಅವರು ಒಂದೊಂದೇ ಹಾಳೆ ತಿರುವಿದರು. ಮೂವತ್ತೆರಡನ್ನೂ ತಿರುವಿದರು. ಕುತ್ತಿಗೆಯಿಂದ ಮೇಲೆ ಸ್ಟ್ಯಾಂಪಿನ ಬಣ್ಣಕ್ಕೇ ತಿರುಗಿದರು.

"ಜೈ," ಎಂದರು ಕೊನೆಗೆ, "ರೈಲ್ವೆಯವರು ಒಂದೇ ಸಲ ಮುಚ್ಚಿದ್ದು. ನೀನು ನನ್ನ ಅಜ್ಜನನ್ನು ಮೂವತ್ತೆರಡು ಸಲ ಮುಚ್ಚಿದ್ದೀ."

"ಸಾರಿ ಸರ್. ಕೈ ತಪ್ಪಿ ಹೋಯಿತು."

"ಒಂದು ಸಲ ಹೊಡೆದರೆ ಕೈ ತಪ್ಪಿದ್ದು. ಇದು ಅಷ್ಟು ಚೆನ್ನಾಗಿಲ್ಲ."

ನನಗೆ ಸಿಕ್ಕ ಶಿಕ್ಷೆ, ಟ್ರಂಕಿನಲ್ಲಿದ್ದ ಪ್ರತಿ ಕಾಗದಕ್ಕೂ ಲಾಗ್ ಬರೆಯುವುದು. ಪೆನ್ಸಿಲಿನಲ್ಲಿ ಮಾತ್ರ. ಟ್ರಂಕನ್ನು ಬಿನ್ ಒಮ್ರಾನಿನ ರೂಮಿಗೇ ಒಯ್ಯಲು ಒಪ್ಪಿದರು, ಏಕೆಂದರೆ ಅಲ್ಲಿ ಸ್ಟ್ಯಾಂಪ್ ಇರಲಿಲ್ಲ. ಎರಡು ಶುಕ್ರವಾರ ಕುಳಿತು ನೂರ ಹದಿನೆಂಟು ಕಾಗದಕ್ಕೆ ನಂಬರ್ ಹಾಕಿದೆ. ಎರಡನೆಯ ಶುಕ್ರವಾರ ಚಹಾ ತಂದುಕೊಟ್ಟ ಬಶೀರ್ ಇಣುಕಿ ನೋಡಿ, "ಅಣ್ಣ, ಇದೇ ನಿಮ್ಮ ಪ್ರಾಜೆಕ್ಟ್ ಅಲ್ವಾ? ಒಂದು ಸ್ಥಳ, ಮೂಲ ದಾಖಲೆ. ಮತ್ತೆ ಎಂತ ಹುಡುಕ್ತಿದ್ದೀರಿ?" ಎಂದ. ಅವನು ಓದಿದ್ದು ಏಳನೆಯ ಕ್ಲಾಸು. ಈ ಮಾತು ನನಗೆ ಹೊಳೆಯದೆ ಅವನಿಗೆ ಹೊಳೆದದ್ದಕ್ಕೆ ಎರಡು ದಿನ ಅವನ ಮೇಲೆ ಸಿಟ್ಟಿತ್ತು.

ಮಂಗಳೂರಿನಲ್ಲಿದ್ದ ನನ್ನ ಗೈಡ್ ಮೇಡಂ ಪುತ್ತೂರಿನವರು. ಫೋನಿನಲ್ಲಿ ವಿಷಯವನ್ನು ನನ್ನಿಂದ ಎರಡು ಸಲ ಹೇಳಿಸಿದರು.

"ಇಂಗ್ಲೆಂಡಿನ ಸ್ಟೇಷನ್ನಾ? ಮುಚ್ಚಿದ್ದಾ? ನಿಮಗೆ ನಮ್ಮ ಊರಲ್ಲಿ ಒಂದು ಸ್ಟೇಷನ್ ಸಿಗ್ಲಿಲ್ವಾ ಮಾರಾಯ್ರೆ?"

"ನಮ್ಮ ಊರಿನ ಸ್ಟೇಷನ್ ಓಡ್ತಾ ಉಂಟು ಮೇಡಂ. ಚರಿತ್ರೆ ಮುಗಿಲಿಲ್ಲ."

"ತಮಾಷೆ ಬೇಡ. ನಿಮಗೂ ಆ ಊರಿಗೂ ಎಂತ ಸಂಬಂಧ?"

"ಔರಂಗಜೇಬನಿಗೂ ನನಗೂ ಎಂತ ಸಂಬಂಧ ಇತ್ತು ಮೇಡಂ? ಹದಿನೈದು ಮಾರ್ಕಿಗೆ ಬರೆದೆನಲ್ಲ."

ಆ ಕಡೆಯಿಂದ ಕೆಮ್ಮಿದ ಶಬ್ದ ಬಂತು, ನಗುವನ್ನು ಮುಚ್ಚಿದ್ದು ಎಂದು ಈಗಲೂ ನಂಬಿದ್ದೇನೆ. "ನಿಯಮದಲ್ಲಿ ಯಾವ ದೇಶ ಅಂತ ಇಲ್ಲ, ಸರಿ. ಆದರೆ ಒಂದು ಕಂಡೀಷನ್. ಎಲ್ಲ ದಾಖಲೆಯ ಪಟ್ಟಿ ಕೊನೆಯಲ್ಲಿ ಇರಬೇಕು. ಒಂದೂ ಬಿಡುವ ಹಾಗಿಲ್ಲ. ಬಿಟ್ಟದ್ದು ಕಂಡ್ರೆ ನಾನೇ ಫೇಲ್ ಮಾಡ್ತೇನೆ" ಎಂದರು. ನಾನು ಕುಣಿಯುತ್ತಾ ಒಪ್ಪಿದೆ. ಆ ಕಂಡೀಷನ್ನೇ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಪೆಲ್‌ಬರಿ ಸ್ಟೇಷನ್ ಹೇಗಿತ್ತೆಂದರೆ, ಒಂದು ಪ್ಲಾಟ್‌ಫಾರ್ಮ್, ಒಂದು ಕಾಯುವ ಕೋಣೆ, ಅದರಲ್ಲಿ ಒಂದು ಒಲೆ, ನಾಲ್ಕು ದೀಪ. ಬೆಳಿಗ್ಗೆ ಎರಡು ಗಾಡಿ, ಸಂಜೆ ಎರಡು. ಬೆಳಗಿನ ಮೊದಲ ಗಾಡಿಗೆ ಹಾಲಿನ ಕ್ಯಾನುಗಳು. ಹಾಲು ಕೊಡುವವರಲ್ಲಿ ಒಬ್ಬ ಪ್ರತಿ ದಿನ ತಡ. ಅಜ್ಜ ಅವನ ಹೆಸರಿನ ಎದುರು ಇಪ್ಪತ್ತೆರಡು ವರ್ಷ ಒಂದೇ ಮಾತು ಬರೆದಿದ್ದಾರೆ: 'ಎಂದಿನಂತೆ'. ಎರಡನೆಯ ಮಹಾಯುದ್ಧ ಶುರುವಾದಾಗ ಲಂಡನ್ನಿನಿಂದ ಬಾಂಬಿಗೆ ಹೆದರಿ ಕಳಿಸಿದ ಮಕ್ಕಳು ಆ ಸ್ಟೇಷನ್ನಿನಲ್ಲಿ ಇಳಿದರು, ಕುತ್ತಿಗೆಗೆ ಹೆಸರಿನ ಚೀಟಿ ಕಟ್ಟಿಕೊಂಡು. ಅವರನ್ನು ಬರೆಯಲು ಅಜ್ಜನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಪಾರ್ಸೆಲ್ ಕಾಲಂನಲ್ಲಿ ಬರೆದರು: 'ಮಕ್ಕಳು, ಹದಿನೇಳು. ಎಲ್ಲವೂ ಸುಸ್ಥಿತಿಯಲ್ಲಿ ತಲುಪಿವೆ. ಒಂದು ಅಳುತ್ತಿದೆ.' ನಾನು ಅದನ್ನು ಓದಿ ಎದ್ದು ನಿಂತೆ. ಕಂಟ್ರೋಲರ್ ಎಂದರೆ ಇಂಥವನು. ಕಾಲಂ ಇಲ್ಲದಿದ್ದರೆ ಇದ್ದ ಕಾಲಂನಲ್ಲಿ ಬರೆ, ಆದರೆ ಬರೆಯದೆ ಬಿಡಬೇಡ. ಹೊಸದಾಗಿ ಕೆಲಸಕ್ಕೆ ಸೇರುವವರು ಈ ಒಂದು ಸಾಲನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದ ನನ್ನ ಬುದ್ಧಿವಾದ ಬಿಟ್ಟುಬಿಡಿ.

ಇದನ್ನೆಲ್ಲ ಪ್ರತಿ ಶುಕ್ರವಾರ ಫೋನಿನಲ್ಲಿ ಗುಲಾಬಿ ಅಕ್ಕನಿಗೆ ಹೇಳುತ್ತಿದ್ದೆ. ಗುಲಾಬಿ ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ತೀರಿಹೋದ ಮೇಲೆ ಬೀಡಿ ಕಟ್ಟಿ ನನ್ನನ್ನು ಪಿಯುಸಿವರೆಗೆ ಓದಿಸಿದವಳು ಅವಳೇ. ಅವಳು ಮಾತ್ರ ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ಫೋನ್ ಎತ್ತಿದ ಕೂಡಲೇ ಅವಳ ಪ್ರಶ್ನೆ, "ಇವತ್ತು ಗಾಡಿ ಬಂತಾ?" ಹಾಲಿನವನ ಮೇಲೆ ಅವಳಿಗೆ ಭಯಂಕರ ಸಿಟ್ಟು. ಆ ಅಳುತ್ತಿದ್ದ ಮಗು ಆಮೇಲೆ ಏನಾಯಿತು ಎಂದು ನಾಲ್ಕು ವಾರ ಕೇಳಿದಳು. ಕಾಗದದಲ್ಲಿ ಇಲ್ಲ ಅಕ್ಕ ಎಂದರೆ, "ಸರಿಯಾಗಿ ಹುಡುಕು" ಎನ್ನುತ್ತಿದ್ದಳು.

ತೊಂದರೆ ಶುರುವಾದದ್ದು ಕಾಗದ ನಂಬರ್ ಅರವತ್ತೊಂದರಿಂದ. ಸ್ಟೇಷನ್ ಏಕೆ ಮುಚ್ಚಿತು ಎಂಬುದಕ್ಕೆ ಕಾಲಿನ್‌ನ ಮನೆಯಲ್ಲಿ ಒಂದೇ ಉತ್ತರವಿತ್ತು. ಮೇಲಿನವರು ಸುಳ್ಳು ಹೇಳಿ ಮುಚ್ಚಿದರು. ದಿನಕ್ಕೆ ನಾಲ್ಕೈದು ಟಿಕೆಟ್ ಮಾತ್ರ ಮಾರಾಟ, ಯಾರೂ ಹತ್ತುವುದಿಲ್ಲ ಎಂದರು. ಊರಿನವರು, ಗಾಡಿ ತುಂಬ ಜನ ಹೋಗುತ್ತಾರೆ ಎಂದು ಕೂಗಿದರು. ಯಾರೂ ಕೇಳಲಿಲ್ಲ. ಅಜ್ಜ ಸಾಯುವವರೆಗೂ ಇದನ್ನೇ ಹೇಳಿದರಂತೆ.

ಅಜ್ಜನಿಗೆ ಹೂದೋಟದ ಹುಚ್ಚು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ತೋಟ ಮಾಡಿದ್ದರು, ಬಹುಮಾನ ಬಂದಿತ್ತು, ತೋಟಕ್ಕೇ ಬೇರೆ ಡೈರಿ ಇತ್ತು. ಟಿಕೆಟ್ ಪುಸ್ತಕ ಒಂದು ಕಡೆ, ತೋಟದ ಡೈರಿ ಇನ್ನೊಂದು ಕಡೆ ಇದ್ದರೆ ಎರಡೂ ಒಳ್ಳೆಯ ಪುಸ್ತಕಗಳೇ. ನಾನು ನನ್ನ ಅಭ್ಯಾಸದಂತೆ ಎರಡನ್ನೂ ತಾರೀಖಿನ ಪ್ರಕಾರ ಒಂದೇ ಲಾಗ್‌ಗೆ ಸೇರಿಸಿದೆ. ತೋಟದಲ್ಲಿ ಉದ್ದ ಕೆಲಸವಿದ್ದ ಬೆಳಿಗ್ಗೆಗಳಲ್ಲಿ ಟಿಕೆಟ್ ಎರಡು, ಮೂರು. ಮಳೆ ಬಂದು ತೋಟಕ್ಕೆ ಹೋಗದ ದಿನ ಮೂವತ್ತು. ಅರವತ್ತೊಂದನೆಯ ಕಾಗದ ಮುಂದಿನ ಜಂಕ್ಷನ್ನಿನ ಟಿಕೆಟ್ ಕಲೆಕ್ಟರ್ ಬರೆದ ಪತ್ರ: 'ನಿಮ್ಮ ಊರಿನ ಪ್ರಯಾಣಿಕರು ದಿನವೂ ಟಿಕೆಟ್ ಇಲ್ಲದೆ ಇಳಿಯುತ್ತಾರೆ. ಕೇಳಿದರೆ, ಮಾಸ್ಟರ್ ಹೂವಿನ ಮಡಿಯಲ್ಲಿದ್ದರು, ಕರೆಯಲು ಮನಸ್ಸಾಗಲಿಲ್ಲ ಎನ್ನುತ್ತಾರೆ. ನಾನು ಇಲ್ಲೇ ಟಿಕೆಟ್ ಕೊಡುತ್ತಿದ್ದೇನೆ. ಇದು ನಿಮ್ಮ ಸ್ಟೇಷನ್ನಿಗೆ ಒಳ್ಳೆಯದಲ್ಲ.'

ಅಂದರೆ ಹತ್ತಿದ್ದು ಪೆಲ್‌ಬರಿಯಲ್ಲಿ, ಕಾಗದದಲ್ಲಿ ಹತ್ತಿದ್ದು ಜಂಕ್ಷನ್ನಿನಲ್ಲಿ. ಮೇಲಿನವರು ಸುಳ್ಳು ಹೇಳಿರಲಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ಪೆಲ್‌ಬರಿಯ ಜನ ಇರಲೇ ಇಲ್ಲ.

ಪೆನ್ಸಿಲ್ ಕೆಳಗಿಟ್ಟೆ. ಇದನ್ನು ಬರೆದರೆ, ಕಾಲಿನ್‌ನ ಅಜ್ಜನೇ ತನ್ನ ಸ್ಟೇಷನ್ನಿನ ಕುತ್ತಿಗೆ ಹಿಸುಕಿದ ಎಂದು ಬರೆದ ಹಾಗೆ. ಪ್ರಾಜೆಕ್ಟಿನ ವೈವಾ, ಅಂದರೆ ಮೌಖಿಕ ಪರೀಕ್ಷೆಗೆ, ಮಂಗಳೂರಿಗೆ ಹೋಗಬೇಕು, ಮುಂದಿನ ವರ್ಷದ ರಜೆಯಲ್ಲಿ ಮುಂಗಡ ಕೊಡಬೇಕಾದವರು ಕಾಲಿನ್. ಬರೆಯದಿದ್ದರೆ ಅರವತ್ತೊಂದನೆಯ ಕಾಗದವನ್ನು ಪಟ್ಟಿಯಿಂದ ಬಿಡಬೇಕು. ಅರವತ್ತರ ನಂತರ ಅರವತ್ತೆರಡು ಬಂದರೆ ಮೇಡಂ ಬಿಡುತ್ತಾರೆಯೇ? ಮೇಡಂ ಬಿಟ್ಟರೂ ನಾನು ಬಿಡುವುದು ಹೇಗೆ? ನಮ್ಮ ಕೆಲಸದಲ್ಲಿ ನಂಬರ್ ಹಾರಿಸುವುದೆಂದರೆ ಕದ್ದ ಹಾಗೆ.

ಅಕ್ಕನಿಗೆ ಹೇಳಿದೆ.

"ನನಗೆ ಮೊದಲೇ ಡೌಟ್ ಇತ್ತು," ಎಂದಳು. "ಗಾಡಿ ಬರುವ ಹೊತ್ತಿಗೆ ಹೂವಿಗೆ ನೀರು ಹಾಕುವವ ಎಂಥ ಮಾಸ್ತರ? ಇದ್ದದ್ದನ್ನು ಬರಿ. ಸತ್ತವ ಬಂದು ಕೇಳುದಿಲ್ಲ."

"ಮೊಮ್ಮಗ ಕೇಳ್ತಾನೆ ಅಕ್ಕ. ರಜೆ ಕೊಡುವವ ಅವನೇ."

"ಹಾಗಾದ್ರೆ ಮೊದಲು ಅವನಿಗೇ ಹೇಳು. ಪುಸ್ತಕದಲ್ಲಿ ಓದಿ ಗೊತ್ತಾದ್ರೆ ಹೆಚ್ಚು ಉರೀತದೆ."

ಬಾಯಲ್ಲಿ ಹೇಳುವ ಧೈರ್ಯವಿರಲಿಲ್ಲ. ನನಗೆ ಬರುವ ವಿದ್ಯೆ ಒಂದೇ. ಒಂದು ಪುಟದಲ್ಲಿ ಸಾರಾಂಶವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಮೇಲೆ ಟ್ರಾನ್ಸ್‌ಮಿಟಲ್ ಹಾಳೆ ಇಟ್ಟೆ. ಎರಡು ಚೌಕದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. 'ಅನುಮೋದನೆಗಾಗಿ' ಎಂದು ಹಾಕಿದರೆ ಅವರು ಬೇಡ ಎನ್ನಬಹುದು. 'ಮಾಹಿತಿಗಾಗಿ' ಎಂದು ಗುರುತು ಹಾಕಿ ಅವರ ಟ್ರೇಯಲ್ಲಿಟ್ಟು ಉಮ್ಮ್ ಸಲಾಲ್‌ನ ಸೈಟಿಗೆ ಓಡಿಹೋದೆ.

ಸಂಜೆ ವಾಪಸ್ ಬಂದಾಗ ಅವರು ನನ್ನ ಮೇಜಿನ ಬಳಿಯೇ ನಿಂತಿದ್ದರು.

"ಮಾಹಿತಿಗಾಗಿ?" ಎಂದರು.

"ಹೌದು ಸರ್."

"ಅಂದರೆ ನಾನು ಏನು ಹೇಳಿದರೂ ನೀನು ಬರೆಯುತ್ತೀ."

"ಕಾಗದದಲ್ಲಿ ಹಾಗೆ ಇದೆ ಸರ್."

"ನನ್ನ ತಾಯಿ ಆ ಮನುಷ್ಯನ ಫೋಟೋಕ್ಕೆ ದಿನವೂ ಗುಡ್ ಮಾರ್ನಿಂಗ್ ಹೇಳ್ತಿದ್ದರು." ದನಿ ಏರಲಿಲ್ಲ, ಅದೇ ಹೆದರಿಕೆಯಾದದ್ದು. "ಟ್ರಂಕು ನಾಳೆ ನನ್ನ ಮನೆಗೆ ಬರಲಿ."

ಟ್ರಂಕು ಹೋಯಿತು. ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ನನ್ನ ರಜೆ ಅರ್ಜಿ ಅವರ ಟ್ರೇಯ ತಳದಲ್ಲಿ ಕುಳಿತಿತ್ತು. ವೈವಾಕ್ಕೆ ಹತ್ತೊಂಬತ್ತು ದಿನ ಬಾಕಿ. ಬಶೀರ್ ನನ್ನ ಮುಖ ನೋಡಿ ಕೇಳುವುದನ್ನೂ ಬಿಟ್ಟ. ಆ ವಾರ ಅಧ್ಯಾಯವನ್ನು ಮೂರು ಸಲ ತಿದ್ದಿದೆ. ಅದೇ ರೈಲು ಮಾರ್ಗದ ಬೇರೆ ಎರಡು ಸ್ಟೇಷನ್‌ಗಳ ಮುಚ್ಚುವ ನೋಟಿಸೂ ಲಾಗ್‌ನಲ್ಲಿತ್ತು, ಅದೇ ತಾರೀಖಿನದು. ಅಲ್ಲಿ ತೋಟ ಇರಲಿಲ್ಲ. ಆದ್ದರಿಂದ ಹೀಗೆ ಬರೆದೆ: 'ಹೂವಿಲ್ಲದಿದ್ದರೂ ಪೆಲ್‌ಬರಿ ಬಹುಶಃ ಮುಚ್ಚುತ್ತಿತ್ತು. ಆದರೆ ಹೋರಾಡಿದ ಊರಿನವರ ಕೈಯಲ್ಲಿ ಕಾಗದ ಇರಲಿಲ್ಲ. ಅದಕ್ಕೆ ಕಾರಣ ಹೂವು.' ಇದಕ್ಕಿಂತ ಮೆತ್ತಗೆ ಮಾಡಲು ನನಗೆ ಬರಲಿಲ್ಲ. ಇದಕ್ಕಿಂತ ಗಟ್ಟಿ ಮಾಡಿದರೆ ಅದೂ ಸುಳ್ಳು.

ಎಂಟನೆಯ ದಿನ ಬೆಳಿಗ್ಗೆ ನನ್ನ ಟ್ರೇಯಲ್ಲಿ ಎರಡು ಕಾಗದ. ಒಂದು ರಜೆ ಅರ್ಜಿ, ಸಹಿ ಬಿದ್ದಿತ್ತು. ಇನ್ನೊಂದು ನನ್ನ ಟ್ರಾನ್ಸ್‌ಮಿಟಲ್. ಅದರ ಮೇಲೆ ಅವರ ಹಸಿರು ಪೆನ್ನಿನಲ್ಲಿ ಕೋಡ್ ಬಿ: ಒಪ್ಪಿಗೆ, ತಿದ್ದುಪಡಿಗಳೊಂದಿಗೆ. ಕೆಳಗೆ ಒಂದೇ ತಿದ್ದುಪಡಿ. 'ನೀನು ಎಲ್ಲ ಕಡೆ ಡೇಲಿಯಾ ಎಂದು ಬರೆದಿದ್ದೀ. ಅಜ್ಜನಿಗೆ ಡೇಲಿಯಾ ಕಂಡರೆ ಆಗುತ್ತಿರಲಿಲ್ಲ. ಅವು ಸ್ವೀಟ್ ಪೀ. ಡೈರಿಯ ಹನ್ನೊಂದನೆಯ ಪುಟ ನೋಡು. ದಾಖಲೆ ಸರಿಯಾಗಿರಲಿ.'

ನನಗೆ ಗೊತ್ತಿದ್ದ ಇಂಗ್ಲಿಷ್ ಹೂವು ಡೇಲಿಯಾ ಒಂದೇ, ನಮ್ಮಲ್ಲಿ ಡೇರೆ ಹೂ ಎನ್ನುವುದು; ಸ್ವೀಟ್ ಪೀ ಎಂದರೆ ಬಟಾಣಿಯಂಥ ಬಳ್ಳಿಯ ಹೂವಂತೆ. ಅರವತ್ತು ಪುಟದಲ್ಲೂ ಹುಡುಕಿ ತಿದ್ದಿದೆ. ಸಂಜೆ ಕಾಲಿನ್ ಮನೆಗೆ ಹೊರಡುವಾಗ ನನ್ನ ಮೇಜಿನ ಬಳಿ ನಿಂತು, "ವಾರವೆಲ್ಲ ಆ ಡೈರಿಯನ್ನೇ ಓದಿದೆ ಜೈ. ಪಾಪ, ತುಂಬ ಖುಷಿಯಾಗಿದ್ದ ಮನುಷ್ಯ" ಎಂದಷ್ಟೇ ಹೇಳಿ ಲಿಫ್ಟಿನ ಕಡೆ ಹೋದರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪಟ್ಟಿಯನ್ನು ಒಂದರಿಂದ ನೂರ ಹದಿನೆಂಟರವರೆಗೆ ಬೆರಳಿಟ್ಟು ನೋಡಿದರು. ಅರವತ್ತೊಂದರಲ್ಲಿ ಬೆರಳು ನಿಂತಿತು.

"ಈ ಪತ್ರ ನೀವು ಹಾಕದಿದ್ದರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?"

"ನಂಬರ್‌ಗೆ ಗೊತ್ತಾಗ್ತಿತ್ತು ಸರ್."

ಅವರು ಮೇಡಂ ಕಡೆ ನೋಡಿದರು. ಮೇಡಂ ಕಿಟಕಿಯ ಕಡೆ ನೋಡಿದರು. ಮುಂದೆ ಪರೀಕ್ಷಕರು ಇತಿಹಾಸದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ, ಗಲ್ಫಿನಲ್ಲಿ ಊಟದ ವ್ಯವಸ್ಥೆ ಹೇಗೆ ಎಂದು ಕೇಳಿದರು.

ಫಲಿತಾಂಶ ಬಂದರೂ ಸರ್ಟಿಫಿಕೇಟ್ ಬರಲು ಆರು ತಿಂಗಳು ಹಿಡಿಯಿತು. ಕ್ಲೈಂಟಿನ ಗಡುವಿಗೆ ಐದು ವಾರ ಉಳಿದಿತ್ತು. ಅಷ್ಟರಲ್ಲಿ ಅದಕ್ಕೆ ಸರ್ಕಾರಿ ಮುದ್ರೆಗಳನ್ನು ಹಾಕಿಸಿ ದೋಹಾಕ್ಕೆ ಒಯ್ಯಬೇಕು. ನಾಲ್ಕು ದಿನದ ರಜೆಯಲ್ಲಿ ಊರಿಗೆ ಬಂದೆ. ಘಟಿಕೋತ್ಸವಕ್ಕೆ ಕಾಯುವ ಹಾಗಿರಲಿಲ್ಲ, ಮಂಗಳೂರಿನ ಪ್ರಾದೇಶಿಕ ಕೇಂದ್ರದ ಕೌಂಟರಿನಲ್ಲೇ ತೆಗೆದುಕೊಳ್ಳಬೇಕು. ಗುಲಾಬಿ ಅಕ್ಕ ಹಿಂದಿನ ದಿನವೇ ಸೀರೆ ಇಸ್ತ್ರಿ ಮಾಡಿಸಿಕೊಂಡು ಹೊರಟಿದ್ದಳು. ಮಗಳಿಗೆ ಪರೀಕ್ಷೆ ಇದ್ದುದರಿಂದ ಹೆಂಡತಿ ಮನೆಯಲ್ಲಿ ಉಳಿದಳು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಬಳಿ ಕುಳಿತು, ಪಕ್ಕದ ಹೆಂಗಸಿಗೆ, "ನನ್ನ ತಮ್ಮನ ಡಿಗ್ರಿ ತರ್ಲಿಕ್ಕೆ" ಎಂದಳು. ಆ ಹೆಂಗಸು ಹುಡುಗ ಎಲ್ಲಿ ಎಂದು ಸುತ್ತ ನೋಡಿದರು.

ಕೌಂಟರಿನ ಗುಮಾಸ್ತ ನನ್ನ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ರಿಜಿಸ್ಟರ್ ತಿರುಗಿಸಿ, "ಇಲ್ಲಿ ಸಹಿ, ಇಲ್ಲಿ ತಾರೀಖು, ಇಲ್ಲಿ ಪೂರ್ತಿ ಹೆಸರು" ಎಂದ. ಅಷ್ಟು ವರ್ಷ ಇಂಥ ರಿಜಿಸ್ಟರಿನ ಆ ಬದಿಯಲ್ಲಿ ಕುಳಿತವನು ನಾನು. ಈ ಬದಿಯಲ್ಲಿ ನಿಂತು ಸಹಿ ಹಾಕುವಾಗ ಅಕ್ಷರ ಅಡ್ಡಾದಿಡ್ಡಿಯಾಯಿತು. ಅವನು ಸರ್ಟಿಫಿಕೇಟನ್ನು ಕಿಂಡಿಯಿಂದ ಹೊರಗೆ ತಳ್ಳಿದ. ನಾನು ಮುಟ್ಟಲಿಲ್ಲ. "ಅಕ್ಕ, ನೀನು ತೆಗೆದುಕೋ" ಎಂದೆ.

ಅಕ್ಕ ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡಳು. ಬೀಡಿ ಎಲೆ ಸುತ್ತಿ ಸುತ್ತಿ ಅವಳ ಬೆರಳ ತುದಿ ಕಪ್ಪಾಗಿದೆ, ಆ ಕಪ್ಪು ಹತ್ತಬಾರದೆಂದು ಅಂಗೈಯ ಮೇಲೆ ಹಿಡಿದಳು. ನನ್ನ ಹೆಸರನ್ನು ಕೂಡಿಸಿ ಕೂಡಿಸಿ ಓದಿದಳು. ಕೆಳಗಿನ ಮುದ್ರೆ ನೋಡಿದಳು. ಹಿಂದೆ ತಿರುಗಿಸಿ ಅಲ್ಲಿ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡಳು. ಹೊರಗೆ ಮೆಟ್ಟಿಲಿನ ಮೇಲೆ ಬಂದು ನಿಂತ ಮೇಲೆ ಅದನ್ನು ನನ್ನ ಕೈಗೆ ಕೊಟ್ಟಳು. ಮುಖದಲ್ಲಿ ದೊಡ್ಡ ನೆಮ್ಮದಿ ಇತ್ತು.

"ಡಿಗ್ರಿ ಆಯ್ತಲ್ಲ ಜಯ," ಎಂದಳು. "ಇನ್ನು ವಾಪಸ್ ಎಂತಕ್ಕೆ ಹೋಗುದು? ಡಿಗ್ರಿ ಇಲ್ಲದವರಲ್ವಾ ಗಲ್ಫಿಗೆ ಹೋಗುದು?"